ಗೊಂಚಲಮ್ಮನ ಮೇಲೊಂದು ದೂರು

ಆ ಮಂಗಳವಾರವೂ ಕಿಟಕಿ ಸಾಲಿನವರೇ ಗೆದ್ದರು. ಸತತ ಆರನೇ ಸಲ.

ಗೆಲ್ಲುವುದು ತಪ್ಪಲ್ಲ. ಆದರೆ ಗೆಲ್ಲುವುದಕ್ಕೂ ಒಂದು ಯೋಗ್ಯತೆ ಬೇಡವೇ ಎಂಬುದು ಲೆಕ್ಕದ ಮೇಷ್ಟ್ರ ತಕರಾರು. ಹದಿನೆಂಟು ಮಕ್ಕಳ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವ ಒಂಬತ್ತು ಜನರೂ ಬೀಜಗಣಿತ ಎಂದರೆ ಬೆವರುವವರು. ಕಳೆದ ಕಿರುಪರೀಕ್ಷೆಯಲ್ಲಿ ಆ ಒಂಬತ್ತೂ ಜನರ ಅಂಕ ಒಟ್ಟು ಸೇರಿಸಿದರೂ ಬಾಗಿಲು ಸಾಲಿನ ಒಬ್ಬಳೇ ಒಬ್ಬಳು ಹುಡುಗಿಯ ಅಂಕಕ್ಕೆ ಸಮನಾಗಿರಲಿಲ್ಲ. ಅಂಥವರು ಈಗ, ಹಲಗೆಯ ಮೇಲೆ ‘ಮೂರು ಎಕ್ಸ್ ಕೂಡಿಸು ನಾಲ್ಕು ಸಮ ಇಪ್ಪತ್ತೈದು’ ಎಂದು ಬರೆದು ಸೀಮೆಸುಣ್ಣ ಕೆಳಗಿಡುವುದರೊಳಗೆ ಡೆಸ್ಕು ಬಡಿದು “ಏಳು, ಸಾರ್!” ಎನ್ನುತ್ತಿದ್ದರು. ಪೆನ್ನು ಮುಟ್ಟುವುದಿಲ್ಲ, ಹಾಳೆ ತೆರೆಯುವುದಿಲ್ಲ. ಇತ್ತ ಬಾಗಿಲು ಸಾಲಿನ ಜಾಣರು ನಾಲ್ಕನ್ನು ಸಮ ಚಿಹ್ನೆಯ ಆಚೆ ದಾಟಿಸಿ, ಕಳೆದು, ಭಾಗಿಸಿ, ತಲೆ ಎತ್ತುವ ಹೊತ್ತಿಗೆ ಅಂಕ ಅತ್ತ ಸಂದಾಯವಾಗಿರುತ್ತಿತ್ತು.

ಆಟ ಮೇಷ್ಟ್ರದೇ ಕಲ್ಪನೆ. ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಇಪ್ಪತ್ತು ಚೀಟಿ. ಚೀಟಿಯ ಮುಂದೆ ಸಮೀಕರಣ, ಹಿಂದೆ ಉತ್ತರ. ಮಂಗಳವಾರ ಮತ್ತು ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಒಂದೊಂದೇ ಚೀಟಿ ಎತ್ತಿ ಹಲಗೆಯ ಮೇಲೆ ಬರೆಯುವುದು. ಮೊದಲು ಡೆಸ್ಕು ಬಡಿದವರಿಗೆ ಮಾತಾಡುವ ಹಕ್ಕು. ಸರಿಯಾದರೆ ಎರಡು ಅಂಕ, ತಪ್ಪಾದರೆ ಒಂದು ಖೋತಾ. ಮಕ್ಕಳಿಗೆ ಬೀಜಗಣಿತದ ಹೆದರಿಕೆ ಹೋಗಲಿ ಎಂದು ಶುರುವಾದದ್ದು. ಮಕ್ಕಳದು ಹೋಯಿತು. ಮೇಷ್ಟ್ರಿಗೆ ಹತ್ತಿಕೊಂಡಿತು.

ಮೇಷ್ಟ್ರು ಎಂಬ ಬಹುವಚನ ಹುದ್ದೆಗೆ ಸಲ್ಲಬೇಕಾದದ್ದು. ಮನುಷ್ಯನಿಗೆ ಏಕವಚನ ಸಾಕು. ಅವನಿಗೆ ಇಪ್ಪತ್ತಾರು ವರ್ಷ. ಒಂದು ವರ್ಷದ ಹಂಗಾಮಿ ನೇಮಕ. ಹಾಜರಿ ಪುಸ್ತಕದಲ್ಲಿ ಉಳಿದವರ ಹೆಸರೆಲ್ಲ ಶಾಯಿಯಲ್ಲಿ, ಇವನದೊಂದು ಪೆನ್ಸಿಲ್ಲಿನಲ್ಲಿ. ಅಧ್ಯಾಪಕರ ಕೋಣೆಯಲ್ಲಿ ಎಲ್ಲರೂ ಇವನನ್ನು ‘ಹಂಗಾಮಿ’ ಎಂದೇ ಕರೆಯುತ್ತಿದ್ದರು, ಇವನೂ ಓಗೊಡುತ್ತಿದ್ದ. ಗೋಡೆಯ ಪಕ್ಕದ ಕುರ್ಚಿಯ ಒಂದು ಕಾಲು ಕುಂಟು. ಅದು ಇವನಿಗೆ ಮೀಸಲು. ಅದರ ಮೇಲೆ ಎಷ್ಟು ಹೊತ್ತು ಅಲುಗಾಡದೆ ಕೂತಿರಬಹುದು ಎಂಬುದೊಂದೇ ವಿಷಯದಲ್ಲಿ ಅವನು ಈ ವರ್ಷ ನಿಜವಾಗಿ ಪ್ರಗತಿ ಸಾಧಿಸಿದ್ದ.

ಬುಧವಾರ ಬೆಳಿಗ್ಗೆ ಹೆಡ್ ಮೇಡಂ ಕರೆಸಿದರು. ಅವರ ಮೇಜಿನ ಮೇಲೆ ಎರಡು ವಸ್ತು: ಒಂದು ಇವನ ಫೈಲು, ಇನ್ನೊಂದು ಬಾಗಿಲು ಸಾಲಿನ ಹುಡುಗಿಯೊಬ್ಬಳ ಅಪ್ಪ ಬರೆದ ಕಾಗದ.

“ನಿಮ್ಮ ಆಟದಲ್ಲಿ ಮೋಸ ನಡೀತಿದೆ ಅಂತ ಬರ್ದಿದ್ದಾರೆ,” ಎಂದರು ಹೆಡ್ ಮೇಡಂ. “ಚೀಟಿ ಮೊದಲೇ ಹೊರಗೆ ಹೋಗ್ತಿದೆಯಂತೆ. ಹೌದಾ?”

“ನನಗೂ ಹಾಗೇ ಅನುಮಾನ, ಮೇಡಂ.”

“ಅನುಮಾನ ಎಲ್ಲರಿಗೂ ಇದೆ. ಅದಕ್ಕೆ ಸಂಬಳ ಕೊಡಲ್ಲ. ಮುಂದಿನ ವಾರ ಶುಕ್ರವಾರ ನಾನೇ ಬಂದು ಕೂರ್ತೀನಿ. ಅಷ್ಟರೊಳಗೆ ಏನು ನಡೀತಿದೆ ಅಂತ ನೀವು ಹೇಳ್ಬೇಕು. ಹೇಳಿದ್ರೆ ಮುಂದಿನ ವರ್ಷಕ್ಕೆ ಈ ಫೈಲಿಗೆ ಸಹಿ. ಇಲ್ದಿದ್ರೆ ಬೇರೆ ಲೆಕ್ಕದ ಮೇಷ್ಟ್ರನ್ನ ಹುಡುಕ್ತೀನಿ. ತಮ್ಮ ಕ್ಲಾಸಲ್ಲಿ ಏನಾಗ್ತಿದೆ ಅಂತ ತಮಗೇ ಗೊತ್ತಿಲ್ದೋರು ನನಗೆ ಬೇಡ.”

ಹಂಗಾಮಿ ಹೊರಗೆ ಬಂದು ನಿಂತ. ಚೀಟಿಯ ಡಬ್ಬಿ ಇರುವುದು ಅಧ್ಯಾಪಕರ ಕೋಣೆಯ ಕಬ್ಬಿಣದ ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ಇರುವುದು ಒಬ್ಬರ ಸೊಂಟದಲ್ಲಿ. ವರಾಂಡದ ಆ ತುದಿಯಿಂದ ಝಲ್ ಝಲ್ ಎಂದು ಸದ್ದಾಯಿತು. ಗೊಂಚಲಮ್ಮ ಕಸಬರಿಗೆ ಹಿಡಿದು ಬರುತ್ತಿದ್ದಳು.

ಗೊಂಚಲಮ್ಮನಿಗೆ ಆ ಹೆಸರು ಬಂದದ್ದು ಸೊಂಟದ ಬೀಗದ ಕೈ ಗೊಂಚಲಿನಿಂದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವುದು, ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು, ಸಂಜೆ ಎಲ್ಲರಿಗಿಂತ ಕೊನೆಗೆ ಬಾಗಿಲು ಹಾಕುವುದು. ಶಾಲೆ ನಡೆಸುವುದು ಹೆಡ್ ಮೇಡಂ ಎಂದು ಹೆಡ್ ಮೇಡಂ ಬಿಟ್ಟು ಯಾರೂ ನಂಬಿರಲಿಲ್ಲ. ಐವತ್ತೆರಡರ ಹೆಂಗಸು, ಗಿಡ್ಡ, ಗಟ್ಟಿ, ನಡೆಯುವಾಗ ಎಡಗೈಯಿಂದ ಗೊಂಚಲು ಒತ್ತಿ ಹಿಡಿದರೆ ಸದ್ದೇ ಇಲ್ಲ, ಬಿಟ್ಟರೆ ಇಡೀ ಮಹಡಿಗೆ ಗೊತ್ತು. ಯಾವಾಗ ಒತ್ತುತ್ತಾಳೆ, ಯಾವಾಗ ಬಿಡುತ್ತಾಳೆ ಎಂಬುದನ್ನು ಹಂಗಾಮಿ ಆವತ್ತಿನಿಂದ ಗಮನಿಸತೊಡಗಿದ. ಪರೀಕ್ಷೆ ನಡೆಯುವ ಕೋಣೆಯ ಮುಂದೆ ಸದ್ದಾಗಬಾರದೆಂದು ಯಾರಾದರೂ ಗೊಂಚಲು ಒತ್ತಿಕೊಳ್ಳಬಹುದು ಎಂಬ ವಿಚಾರ ಹೊಳೆಯುವ ಜಾಗದಲ್ಲೆಲ್ಲ ಅವನ ತಲೆಯಲ್ಲಿ ಆಗಲೇ ಅನುಮಾನ ಬಿಡಾರ ಹೂಡಿತ್ತು.

ಮೊದಲ ಬಲೆ ದಾರದ್ದು. ಬೀರುವಿನ ಎರಡೂ ಬಾಗಿಲಿಗೆ ಅಡ್ಡಲಾಗಿ ಒಂದು ಬಿಳಿ ನೂಲು, ಎರಡು ತುದಿಗೂ ಚೂರು ಗೋಂದು. ಮಾರನೆಯ ದಿನ ನೂಲು ಮಾಯ. ವಿಜ್ಞಾನದ ಮೇಡಂ ಪಕ್ಕದಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು.

“ಮೇಡಂ, ಈ ಬೀರುವಿನ ಮೇಲೊಂದು ನೂಲಿತ್ತು.”

“ಇತ್ತು. ಗೊಂಚಲಮ್ಮ ಒರೆಸಿದ್ರು. ಯಾವ ಮಹಾನುಭಾವ ಗೋಂದು ಮೆತ್ತಿದಾನೋ ಅಂತ ಬೈಕೊಂಡೇ ಒರೆಸಿದ್ರು.”

“ಬೈಕೊಂಡ್ರಾ? ಯಾರನ್ನ?”

“ಹೆಸರು ಹೇಳ್ಲಿಲ್ಲ. ಆದ್ರೆ ನಿಮ್ಮ ಕುರ್ಚಿ ಕಡೆ ನೋಡ್ತಿದ್ರು.”

ಹಂಗಾಮಿ ಅಂದೇ ಒಂದು ಪುಟ್ಟ ನೋಟ್‌ಬುಕ್ ಕೊಂಡ. ಅದರಲ್ಲಿ ನಾಲ್ಕು ಕಾಲಂ ಎಳೆದ: ದಿನಾಂಕ, ಯಾರು ಡೆಸ್ಕು ಬಡಿದರು, ಎಷ್ಟು ಸೆಕೆಂಡಿನಲ್ಲಿ, ಮುಖಭಾವ ಹೇಗಿತ್ತು. ನಾಲ್ಕನೆಯದೇ ಅತಿ ಮುಖ್ಯವೆಂದು ಅವನಿಗೆ ಖಾತ್ರಿಯಿತ್ತು.

ಎರಡನೆಯ ಬಲೆ ಶುಕ್ರವಾರ. ಚೀಟಿಗಳನ್ನು ಬೀರುವಿನಲ್ಲಿ ಇಡಲೇ ಇಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಇಪ್ಪತ್ತೂ ಬರೆದು ಅಂಗಿಯ ಜೇಬಿಗೆ ಹಾಕಿ, ಜೇಬಿನ ಮೇಲೆ ಕೈಯಿಟ್ಟುಕೊಂಡೇ ದಿನ ಕಳೆದ. ಊಟದ ಹೊತ್ತಿಗೆ ಮೂವರು ಬಂದು ಎದೆನೋವಾ ಎಂದು ಕೇಳಿದರು. ಕೊನೆಯ ಪೀರಿಯಡ್ಡಿನಲ್ಲಿ ಕಿಟಕಿ ಸಾಲಿನವರು ಇಪ್ಪತ್ತರಲ್ಲಿ ಹದಿನೇಳು ಹೊಡೆದರು. ಸಾಲಿನ ಮುಖಂಡೆ ಒಬ್ಬಳು ಹುಡುಗಿ. ಪ್ರತಿಯೊಂದಕ್ಕೂ ವಾದ ಹೂಡುವುದರಿಂದ ಅವಳಿಗೆ ‘ಲಾಯರ್’ ಎಂದೇ ಹೆಸರು. ಗೆದ್ದ ಮೇಲೆ ಅವಳು ಎದ್ದು ನಿಂತಳು.

“ಸಾರ್, ನಮ್ಮೋನು ಒಬ್ಬ ಬೇಜಾರು ಮಾಡ್ಕೊಂಡಿದಾನೆ. ಮೂರು ವಾರದಿಂದ ಅವನಿಗೆ ಬಂದೇ ಇಲ್ಲ.”

“ಏನು ಬಂದಿಲ್ಲ?”

ಕೊನೆಯ ಬೆಂಚಿನ ಮೂಲೆಯಲ್ಲಿ ದಪ್ಪ ಕನ್ನಡಕದ ಹುಡುಗ ಮುಖ ಊದಿಸಿಕೊಂಡು ಕೂತಿದ್ದ. “ಎಲ್ಲರಿಗೂ ಬರುತ್ತೆ ಸಾರ್, ನನಗೊಬ್ಬನಿಗೆ ಬರಲ್ಲ,” ಎಂದ. ಪಕ್ಕದವನು ಅವನ ಮೊಣಕೈ ಜಗ್ಗಿ, “ಸುಮ್ನಿರೋ,” ಎಂದ.

ಹಂಗಾಮಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಪಾಲು ಹಂಚಿಕೆಯಲ್ಲಿ ಅಸಮಾಧಾನ. ಕೆಳಗೆ ಎರಡು ಗೆರೆ.

ಅವನು ಇದ್ದದ್ದು ಅಕ್ಕನ ಮನೆಯ ಹಜಾರದಲ್ಲಿ. ಹಗಲು ಸೋಫಾ, ರಾತ್ರಿ ಹಾಸಿಗೆ. ಅಕ್ಕನದು ಔಷಧಿ ಅಂಗಡಿಯಲ್ಲಿ ಕೆಲಸ, ಭಾವನದು ಲಿಫ್ಟು ರಿಪೇರಿ. ಶನಿವಾರ ಮಧ್ಯಾಹ್ನ ಅಕ್ಕ ಬಟ್ಟೆ ಮಡಚುತ್ತ ಕೂತಿದ್ದಾಗ ಹಂಗಾಮಿ ತನ್ನ ಸಿದ್ಧಾಂತ ಬಿಚ್ಚಿಟ್ಟ. ಜೇಬಿನಲ್ಲಿದ್ದ ಚೀಟಿಯ ವಿಷಯ ಹೊರಬಿದ್ದದ್ದು ಹೇಗೆ? ಬರೆದ ಹಾಳೆಯ ಕೆಳಗಿನ ಹಾಳೆಯಲ್ಲಿ ಪೆನ್ನಿನ ಒತ್ತು ಉಳಿದಿರುತ್ತದೆ. ಆ ಪ್ಯಾಡು ಚೀಲದಲ್ಲಿತ್ತು. ಚೀಲ ಕುರ್ಚಿಯ ಮೇಲಿತ್ತು. ಗೊಂಚಲಮ್ಮ ನೆಲ ಒರೆಸಲು ಹತ್ತು ನಿಮಿಷ ಆ ಕೋಣೆಯಲ್ಲಿದ್ದಳು.

“ಬಸ್ಸಲ್ಲಿ ನಿಂತ್ಕೊಂಡು ಬರ್ದಿದ್ದು ನಿನಗೇ ಓದೋಕಾಗಲ್ಲ,” ಎಂದಳು ಅಕ್ಕ. “ಅದರ ಒತ್ತು ಓದ್ತಾರಾ ಆಯಮ್ಮ?”

“ನಿನಗೆ ಗೊತ್ತಿಲ್ಲ ಸುಮ್ನಿರು. ನೋಡೋಕೆ ಹಾಗೆ ಕಾಣ್ತಾಳೆ, ಒಳಗೊಳಗೇ ಬಹಳ ಹುಷಾರು.”

“ನಿಂದು ಚಿಕ್ಕಂದಿನಿಂದ ಇದೇ ರೋಗ. ಪೆನ್ಸಿಲ್ ಕಿವಿ ಹಿಂದೆ ಸಿಗಿಸ್ಕೊಂಡು ಮನೆಯೋರದೆಲ್ಲ ಚೀಲ ತಪಾಸಣೆ ಮಾಡಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.”

ಭಾವ ಪೇಪರಿನಿಂದ ತಲೆ ಎತ್ತದೆ, “ಲಿಫ್ಟು ನಿಂತ್ರೆ ಜನ ಮೊದಲು ಪಕ್ಕದೋನು ಯಾವ ಗುಂಡಿ ಒತ್ತಿದ ಅಂತ ನೋಡ್ತಾರೆ, ಕರೆಂಟ್ ಇದೆಯಾ ಅಂತ ಕೊನೆಗೆ ನೋಡ್ತಾರೆ,” ಎಂದ. ಹಂಗಾಮಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಮೂರನೆಯ ಬಲೆ ನೇಯುತ್ತಿದ್ದ.

ಮೂರನೆಯದು ಅವನ ಪ್ರಕಾರ ಬ್ರಹ್ಮಾಸ್ತ್ರ. ಚೀಟಿಗಳ ಹಿಂದೆ ಬೇಕೆಂದೇ ತಪ್ಪು ಉತ್ತರ ಬರೆದು ಡಬ್ಬಿಯನ್ನು ಬೀರುವಿನಲ್ಲಿಟ್ಟ. ಕದ್ದು ಓದಿದವರು ಆ ತಪ್ಪನ್ನೇ ಒಪ್ಪಿಸಬೇಕು. ಅಲ್ಲಿಗೆ ಸಿಕ್ಕಿಬಿದ್ದ ಹಾಗೆ. ಮಂಗಳವಾರ ಕಿಟಕಿ ಸಾಲಿನವರು ಬಡಿದ ಹದಿನಾರಕ್ಕೂ ಸರಿಯುತ್ತರ ಕೊಟ್ಟರು. ತಪ್ಪು ಹೇಳಿದವನು ಒಬ್ಬನೇ. ಚೀಟಿ ಹಿಂದೆ ಮುಂದೆ ನೋಡುತ್ತ ತನ್ನದೇ ಬಲೆಯಲ್ಲಿ ಕಾಲು ಸಿಕ್ಕಿಕೊಂಡ ಹಂಗಾಮಿ, ‘ಐದು ಎಕ್ಸ್ ಕಳೆ ಆರು ಸಮ ಇಪ್ಪತ್ತನಾಲ್ಕು’ ಎಂಬುದಕ್ಕೆ ಎಕ್ಸ್ ಎಂಟು ಎಂದುಬಿಟ್ಟ. ಹದಿನೆಂಟು ಮಕ್ಕಳೂ ಒಕ್ಕೊರಲಿನಿಂದ “ಆರು, ಸಾರ್,” ಎಂದರು.

“ಅಂದ್ರೆ ಅವರು ಪ್ರಶ್ನೆ ಮಾತ್ರ ಕದೀತಾರೆ,” ಎಂದು ಸಂಜೆ ಅಕ್ಕನಿಗೆ ವಿವರಿಸಿದ. “ಮನೇಲಿ ಕೂತು ತಾವೇ ಬಿಡಿಸ್ಕೊಂಡು ಬರ್ತಾರೆ. ಎಂಥ ಖದೀಮರು ನೋಡು!”

“ಮನೇಲಿ ಕೂತು ತಾವೇ ಲೆಕ್ಕ ಬಿಡಿಸಿದ್ರೆ ಅದನ್ನ ಕಳ್ಳತನ ಅಂತಾರಾ, ಹೋಮ್‌ವರ್ಕ್ ಅಂತಾರಾ?”

ಅಕ್ಕನಿಗೆ ಲೆಕ್ಕ ಬರುವುದಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ.

ಬುಧವಾರ ವಿಜ್ಞಾನದ ಮೇಡಂ ಹತ್ತಿರ ಕೂತು ಗೊಂಚಲಮ್ಮನ ಚರಿತ್ರೆ ಕೆದಕಿದ. ಸಿಕ್ಕಿದ್ದು ಇಷ್ಟು. ಏಳನೆಯ ತರಗತಿ ಮುಗಿಸಿ ಎಂಟಕ್ಕೆ ಹೋದವಳು, ತಾಯಿಗೆ ಹೆರಿಗೆಯಾಗಿ ಮನೆಯಲ್ಲಿ ನಿಲ್ಲಬೇಕಾಗಿ ಬಂದು ಅರ್ಧಕ್ಕೆ ಬಿಟ್ಟಳು. ಇಪ್ಪತ್ತೆರಡಕ್ಕೆ ಈ ಶಾಲೆಗೆ ಗಂಟೆ ಹೊಡೆಯಲು ಸೇರಿದಳು. ಗಂಡ ಸಿನಿಮಾ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ. ಟಾಕೀಸು ಮುಚ್ಚಿದ ಮೇಲೆ ಮನೆಯಲ್ಲೇ ಅಡುಗೆ ಹಿಡಿದು, ಈಗ ಅವಳಿಗಿಂತ ಚೆನ್ನಾಗಿ ಮಾಡುತ್ತಾನೆ. ಅದನ್ನು ಅವಳು ಹೊರಗೆ ಒಪ್ಪುವುದಿಲ್ಲ. ಒಬ್ಬಳೇ ಮಗಳು, ನರ್ಸು. ಮೂವತ್ತು ವರ್ಷದಲ್ಲಿ ಐವರು ಹೆಡ್ಡುಗಳು ಬಂದು ಹೋದರು. ಗಂಟೆ ತಪ್ಪಿದ್ದು ಒಂದೇ ಸಲ, ಅದೂ ಮಗಳು ಹುಟ್ಟಿದ ದಿನ. ಅವತ್ತು ಮೂರನೆಯ ಪೀರಿಯಡ್ಡು ಎರಡು ಗಂಟೆ ನಡೆಯಿತಂತೆ, ಯಾವ ಮೇಷ್ಟ್ರಿಗೂ ತಾವಾಗಿ ನಿಲ್ಲಿಸುವ ಧೈರ್ಯ ಬರಲಿಲ್ಲವಂತೆ.

“ಎಂಟನೇ ಕ್ಲಾಸು ಅರ್ಧಕ್ಕೆ,” ಎಂದು ಹಂಗಾಮಿ ಮೆಲ್ಲಗೆ ಹೇಳಿಕೊಂಡ. “ಅಂದ್ರೆ ಬೀಜಗಣಿತ ಶುರುವಾಗೋ ಜಾಗ.”

“ಹೌದು. ವರಾಂಡ ಗುಡಿಸುವಾಗ ನಿಮ್ಮ ಕ್ಲಾಸಿನ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ಗುಡಿಸ್ತಾರೆ. ನೋಡಿಲ್ವಾ?”

ನೋಡಿದ್ದ. ಅದನ್ನು ಅವನು ಕಸದ ಲೆಕ್ಕಕ್ಕೆ ಹಾಕಿದ್ದ. ಈಗ ಬೇರೆ ಖಾತೆಗೆ ವರ್ಗಾಯಿಸಿದ.

ಸಾಕ್ಷಿ ಸಿಕ್ಕಿದ್ದು ಗುರುವಾರ ಊಟದ ಬಿಡುವಿನಲ್ಲಿ. ಮೆಟ್ಟಿಲ ಕೆಳಗಿನ ಇಕ್ಕಟ್ಟು ಜಾಗದಲ್ಲಿ ಗೊಂಚಲಮ್ಮನ ಸ್ಟೂಲು. ಅವಳು ಊಟ ಮಾಡುವುದು ಅಲ್ಲೇ. ಹಂಗಾಮಿ ಮೇಲಿನ ಮೆಟ್ಟಿಲ ಕಂಬಿಗಳ ಸಂದಿಯಿಂದ ಕತ್ತು ಚಾಚಿದ. ಕಿಟಕಿ ಸಾಲಿನ ಒಂಬತ್ತೂ ಮಕ್ಕಳು ಅವಳ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದಾರೆ. ಗೊಂಚಲಮ್ಮ ಗೊಂಚಲು ಬಿಚ್ಚಿ ಒಬ್ಬೊಬ್ಬರ ಅಂಗೈಗೂ ಒಂದೊಂದು ಬೀಗದ ಕೈ ಇಡುತ್ತಿದ್ದಾಳೆ. ಲಾಯರ್ ಮುಷ್ಟಿ ಮುಚ್ಚಿದಳು. ಕನ್ನಡಕದ ಹುಡುಗ ತನಗೆ ಬಂದದ್ದನ್ನು ತಿರುಗಿಸಿ ನೋಡಿ, “ದೊಡ್ಡಮ್ಮಾ, ಇದು ಯಾವತ್ತೂ ಬರಲ್ಲ, ಬೇರೆ ಕೊಡಿ,” ಎಂದ.

“ಬರೋವರೆಗೂ ಕಾಯ್ಬೇಕು. ನಿಂದು ಅಂತ ಒಂದು ಇರುತ್ತೆ,” ಎಂದಳು ಗೊಂಚಲಮ್ಮ.

ಹಂಗಾಮಿ ಕಂಬಿ ಬಿಗಿಯಾಗಿ ಹಿಡಿದುಕೊಂಡ. ಬೀರುವಿನ ಬೀಗಕ್ಕೆ ಒಂಬತ್ತು ಕೈ! ಸಂತೋಷಕ್ಕೆ ಕಾಲು ಜಾರಿ ಎರಡು ಮೆಟ್ಟಿಲು ಕೂತುಕೊಂಡೇ ಇಳಿದ. ಗೊಂಚಲಮ್ಮ ತಲೆ ಎತ್ತಿ ನೋಡಿದಳು. “ಏನಾದ್ರೂ ಬೇಕಿತ್ತಾ, ಮೇಷ್ಟ್ರೇ?” ಎಂದಳು. ಆ ಕೇಳುವಿಕೆಯಲ್ಲಿ ಮರ್ಯಾದೆ ಎಷ್ಟಿತ್ತೋ ಅಷ್ಟೇ ಜಾಗರೂಕತೆ ಇತ್ತು.

“ಏನಿಲ್ಲ. ಮೆಟ್ಟಿಲು... ಎಣಿಸ್ತಿದ್ದೆ.”

ಅರ್ಧ ಗಂಟೆಯೊಳಗೆ ದೂರು ಬರೆದಾಯಿತು. ಒಟ್ಟು ಐದು ಸಾಲು. ‘ಸದರಿ ನೌಕರಳ ನಡವಳಿಕೆ ಸಂಶಯಾಸ್ಪದವಾಗಿದ್ದು’ ಎಂಬಲ್ಲಿ ಕೈ ಒಂದು ಕ್ಷಣ ನಿಂತಿತು. ಬೀಗದ ಕೈ ಹೋದರೆ ಅವಳ ಕೆಲಸ ಉಳಿಯುವುದಿಲ್ಲ. ಆದರೆ ಕಣ್ಣ ಮುಂದೆ ಹೆಡ್ ಮೇಡಂ ಮೇಜಿನ ಫೈಲು ಬಂತು. ಸೋಫಾ ಬಂತು. ಹಾಜರಿ ಪುಸ್ತಕದ ಪೆನ್ಸಿಲ್ ಬಂತು. ಸಹಿ ಹಾಕಿದ.

ಹೆಡ್ ಮೇಡಂ ದೂರನ್ನು ಓದಿ, ನೋಟ್‌ಬುಕ್ ಕೇಳಿ ತೆಗೆದುಕೊಂಡು ಪುಟ ತಿರುವಿದರು.

“ಯಾರು ಬಡಿದ್ರು ಅಂತ ಇದೆ. ಎಷ್ಟು ಸೆಕೆಂಡು ಅಂತ ಇದೆ. ‘ಕಳ್ಳನಗೆ’ ಅಂತ ಎಂಟು ಕಡೆ ಇದೆ. ಏನು ಉತ್ತರ ಹೇಳಿದ್ರು ಅಂತ ಎಲ್ಲಿದೆ?”

“ಉತ್ತರ ನನಗೆ ಗೊತ್ತಲ್ಲ, ಮೇಡಂ. ಅದನ್ನೇನು ಬರ್ಕೊಳ್ಳೋದು.”

“ಹೂಂ,” ಎಂದರು ಅವರು. ಆ ‘ಹೂಂ’ ಹಂಗಾಮಿಗೆ ಹಿಡಿಸಲಿಲ್ಲ. “ದೂರು ನನ್ನ ಹತ್ರ ಇರ್ಲಿ. ನಾಳೆ ನೋಡಣ.”

ಶುಕ್ರವಾರ ಕೊನೆಯ ಪೀರಿಯಡ್ಡು. ಹೆಡ್ ಮೇಡಂ ಹಿಂದೆ ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ಕೈಯಲ್ಲಿ ಇವನ ನೋಟ್‌ಬುಕ್ಕು, ದೂರು ಅದರೊಳಗೆ ಮಡಚಿ. ಗೊಂಚಲಮ್ಮನನ್ನೂ ಕರೆಸಿ ಬಾಗಿಲ ಬಳಿ ನಿಲ್ಲಿಸಿದ್ದರು. ಅವಳಿಗೆ ಯಾಕೆಂದು ಹೇಳಿದಂತಿರಲಿಲ್ಲ. ಎಡಗೈ ಗೊಂಚಲಿನ ಮೇಲಿತ್ತು.

ಮೊದಲ ಐದು ಚೀಟಿ ಹಂಗಾಮಿಯವು. ಐದಕ್ಕೂ ಡೆಸ್ಕು ಬಡಿದವರು ಕಿಟಕಿ ಸಾಲಿನವರು. ಒಂದೊಂದಕ್ಕೂ ಹೆಡ್ ಮೇಡಂ ನೋಟ್‌ಬುಕ್ಕಿನಲ್ಲಿ ಏನೋ ಗುರುತು ಹಾಕಿಕೊಂಡರು. ಆಮೇಲೆ ಎದ್ದು ಮುಂದೆ ಬಂದರು.

“ಇನ್ನು ಚೀಟಿ ಬೇಡ. ನಾನೇ ಒಂದು ಕೇಳ್ತೀನಿ. ಇದು ಯಾರ ಬೀರುವಿನಲ್ಲೂ ಇಲ್ಲ, ಈಗಷ್ಟೇ ತಲೆಗೆ ಬಂದಿದ್ದು.” ಅವರು ಭಾಷೆ ಕಲಿಸುವವರು, ಬಾಯಿಗೆ ಬಂದ ಸಂಖ್ಯೆ ಹಾಕಿ ಹಲಗೆಯ ಮೇಲೆ ಬರೆದರು: ನಾಲ್ಕು ಎಕ್ಸ್ ಕೂಡಿಸು ಏಳು ಸಮ ಹನ್ನೆರಡು.

ಕಿಟಕಿ ಸಾಲಿನಲ್ಲಿ ತುಟಿಗಳು ಅಲುಗಿದವು. ಕೈ ಏಳಲಿಲ್ಲ. ಐದು ಸೆಕೆಂಡಾಯಿತು, ಹತ್ತಾಯಿತು. ಒಂಬತ್ತೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಂಗಾಮಿಯ ಎದೆಯಲ್ಲಿ ಹೂವರಳಿತು. ಸಿಕ್ಕಿಬಿದ್ದರು! ತನ್ನ ಪ್ರಶ್ನೆಗಾದರೆ ಮೂರು ಸೆಕೆಂಡು, ಹೊಸ ಪ್ರಶ್ನೆಗೆ ಬಾಯಿಗೆ ಬೀಗ. ಅವನು ಗೊಂಚಲಮ್ಮನ ಕಡೆ ನೋಡಿದ, ಗೆದ್ದವನ ಹಾಗೆ.

“ಯಾಕೆ, ಬರಲ್ವಾ?” ಎಂದರು ಹೆಡ್ ಮೇಡಂ.

ಲಾಯರ್ ಎದ್ದು ನಿಂತಳು. “ಮೇಡಂ, ಇದು ನಮ್ಮಲ್ಲಿ ಯಾರದೂ ಅಲ್ಲ.”

“ಯಾರದೂ ಅಲ್ಲ ಅಂದ್ರೆ?”

“ನಾನು ಮೂರು. ಇವನು ಏಳು. ಅವಳು ನಾಲ್ಕು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ, ಮೇಡಂ. ಸಾರ್ ಬರೆದ ತಕ್ಷಣ ನಾವು ನಮ್ಮ ನಮ್ಮ ಸಂಖ್ಯೆನ ಎಕ್ಸ್ ಜಾಗದಲ್ಲಿ ಹಾಕಿ ನೋಡ್ತೀವಿ. ಯಾರದು ಕೂಡುತ್ತೋ ಅವರು ಬಡಿಯೋದು. ಒಬ್ಬರಿಗೆ ಒಂದೇ ಸಲ ಗುಣಿಸೋ ಕೆಲಸ.”

“ನಾನು ಒಂಬತ್ತು,” ಎಂದ ಕನ್ನಡಕದ ಹುಡುಗ, ಕರೆಯದಿದ್ದರೂ ಎದ್ದು. “ಸಾರ್ ಒಂಬತ್ತು ಕೊಡೋದೇ ಇಲ್ಲ, ಮೇಡಂ. ನಾನು ತಿಂಗಳಿಂದ ಸುಮ್ನೆ ಕೂತಿದೀನಿ.”

ಬಾಗಿಲು ಸಾಲಿನಲ್ಲಿ ಗುಲ್ಲೆದ್ದಿತು. “ಅದು ಮೋಸ! ಬಿಡಿಸೋ ಕ್ರಮನೇ ಅಲ್ಲ!” “ಎಕ್ಸ್ ಸಿಕ್ತಲ್ಲ, ಮತ್ತೇನು ಬೇಕು ನಿಂಗೆ?” “ಬಾಯಿಗೆ ಬಂದಿದ್ದು ಹೇಳೋದು ಲೆಕ್ಕನಾ?” “ಬಾಯಿಗೆ ಬಂದಿದ್ದಲ್ಲ ಕಣೇ, ಹಾಕಿ ನೋಡಿದ್ದು!”

ಹೆಡ್ ಮೇಡಂ ಕೈ ಎತ್ತಿದರು. “ಯಾರು ಹೇಳ್ಕೊಟ್ಟಿದ್ದು ಇದನ್ನ?”

ಮಕ್ಕಳ ಕಣ್ಣುಗಳೆಲ್ಲ ಬಾಗಿಲ ಕಡೆ ಹೋದವು. ಗೊಂಚಲಮ್ಮ ಸ್ವಲ್ಪ ಹಿಂದೆ ಸರಿದಳು.

“ನಾನು ಲೆಕ್ಕ ಹೇಳ್ಕೊಟ್ಟಿಲ್ಲ, ಮೇಡಂ,” ಎಂದಳು. “ಒಂಬತ್ತು ಕೋಣೆಗೆ ಒಂಬತ್ತು ಬೀಗ, ಎಲ್ಲ ಒಂದೇ ಥರ. ಕೈಗಳ ಮೇಲಿನ ನಂಬರು ಸವೆದು ವರ್ಷ ಆಯ್ತು. ಯಾವ ಬೀಗಕ್ಕೆ ಯಾವುದು ಅಂತ ಹೆಂಗೆ ಗೊತ್ತಾಗುತ್ತೆ ದೊಡ್ಡಮ್ಮ ಅಂತ ಇವು ಕೇಳಿದ್ವು. ಗೊತ್ತಾಗಲ್ಲ ಕಣ್ರೋ, ಹಾಕಿ ನೋಡ್ತೀನಿ ಅಂದೆ. ನಾನೊಬ್ಬಳೇ ಆದ್ರೆ ಒಂಬತ್ತು ಸಲ ಹಾಕ್ಬೇಕು. ನೀವು ಒಂಬತ್ತು ಜನ ಒಂದೊಂದು ಹಿಡ್ಕೊಂಡ್ರೆ ಒಬ್ಬೊಬ್ಬರು ಒಂದೇ ಸಲ ಅಂದೆ. ಊಟದ ಹೊತ್ತಲ್ಲಿ ಆಟ ಆಡ್ತಾವೆ. ಅದನ್ನ ಒಳಗೆ ತಂದು ಹಲಗೆ ಮೇಲಿಂದಕ್ಕೆ ಹಾಕಿದ್ದು ಇವೇ.”

ಹೆಡ್ ಮೇಡಂ ನೋಟ್‌ಬುಕ್ ತೆರೆದು ಹಂಗಾಮಿಯ ಕಡೆ ಹಿಡಿದರು. ಮುಖಭಾವದ ಕಾಲಂ ಪಕ್ಕದಲ್ಲಿ ಅವರು ಇಂದಿನ ಐದು ಉತ್ತರ ಬರೆದಿದ್ದರು: ಏಳು, ನಾಲ್ಕು, ಏಳು, ಎರಡು, ಮೂರು. ಏಳು ಎರಡು ಸಲ ಬಂದಾಗ ಬಡಿದವನು ಒಬ್ಬನೇ ಹುಡುಗ. ಆ ಒಂದು ಕಾಲಂ ಮೂರು ವಾರದ ಹಿಂದೆ ಎಳೆದಿದ್ದರೆ ಅಕ್ಷರ ಕಲಿಯುವ ಕೂಸಿಗೂ ಗೊತ್ತಾಗುತ್ತಿತ್ತು.

“ಮೇಷ್ಟ್ರೇ,” ಎಂದರು ಹೆಡ್ ಮೇಡಂ, “ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಒಂದರಿಂದ ಒಂಬತ್ತರೊಳಗೇ ಇರುತ್ತಾ?”

ಆ ಹೊತ್ತಿಗೆ ಬಾಗಿಲು ಸಾಲಿನ ಜಾಣೆ, ಯಾರ ಅಪ್ಪ ಕಾಗದ ಬರೆದಿದ್ದರೋ ಅವಳೇ, ಹಾಳೆಯ ಮೇಲೆ ಮೂರನೆಯ ಸಲ ಅದೇ ಲೆಕ್ಕ ಮಾಡಿ ಹೊಡೆದು ಹಾಕುತ್ತಿದ್ದಳು. ಹೆಡ್ ಮೇಡಂ ಬಗ್ಗಿ ನೋಡಿದರು.

“ಐದು ಭಾಗಿಸು ನಾಲ್ಕು ಅಂತ ಬರ್ದಿದ್ದೀಯಲ್ಲ. ಹೊಡೆದು ಹಾಕಿದ್ದು ಯಾಕೆ?”

“ಸಾರ್ ಉತ್ತರ ಯಾವತ್ತೂ ಹೀಗೆ ಬರಲ್ಲ, ಮೇಡಂ. ಭಿನ್ನರಾಶಿ ಬಂದ್ರೆ ತಪ್ಪು ಮಾಡಿದೀನಿ ಅಂತ ಅರ್ಥ.”

ಹಂಗಾಮಿಗೆ ಎರಡು ದಾರಿಯಿತ್ತು. ಇದೆಲ್ಲ ಗೊಂಚಲಮ್ಮನ ಕುಮ್ಮಕ್ಕು, ಮಕ್ಕಳಿಗೆ ಅಡ್ಡದಾರಿ ಹಿಡಿಸಿದ್ದು ಅವಳು, ಬೀಗದ ಕೈ ಮಕ್ಕಳ ಕೈಗೆ ಕೊಟ್ಟದ್ದಂತೂ ಸುಳ್ಳಲ್ಲ ಎನ್ನಬಹುದಿತ್ತು. ದೂರು ಬರೆದೇ ಇತ್ತು. ಅದರಲ್ಲೂ ಅಷ್ಟೇ ಇತ್ತು. ಇನ್ನೊಂದು ದಾರಿಯಲ್ಲಿ ಅವನೇ ಇದ್ದ.

“ಹೌದು, ಮೇಡಂ,” ಎಂದ. “ನಾನು ಮೊದಲು ಉತ್ತರ ಇಟ್ಕೊಂಡು ಆಮೇಲೆ ಪ್ರಶ್ನೆ ಕಟ್ತೀನಿ. ಸಣ್ಣ ಪೂರ್ಣಸಂಖ್ಯೆ. ಸೇರಿದ ಮೊದಲ ವಾರ ಹಲಗೆ ಮೇಲೆ ಒಂದು ಲೆಕ್ಕ ಭಿನ್ನರಾಶಿಗೆ ಹೋಯ್ತು. ಬಿಡಿಸೋಕೆ ಹೋಗಿ ಮಕ್ಕಳ ಮುಂದೆ ತಪ್ಪಿದೆ. ಆಮೇಲೆ ಅಂಥದ್ದು ಹಾಕಿಲ್ಲ. ಚೀಟಿ ಎಲ್ಲೂ ಸೋರಿಲ್ಲ. ನಾನೇ ಸೋರಿದ್ದು.”

ಯಾರೋ ಕಿಸಕ್ಕೆಂದರು, ಯಾರೋ ಅವರ ಬಾಯಿ ಮುಚ್ಚಿದರು. ಅಷ್ಟರಲ್ಲಿ ಕಿಟಕಿ ಸಾಲಿನಲ್ಲಿ ‘ಒಂದು’ ಮತ್ತು ‘ಎರಡು’ ತಮ್ಮಷ್ಟಕ್ಕೆ ಜಗಳಕ್ಕೆ ಬಿದ್ದಿದ್ದರು. “ನಂದು ಹಾಕಿದ್ರೆ ಹನ್ನೊಂದು ಬರುತ್ತೆ, ಒಂದೇ ಒಂದು ಕಡಿಮೆ.” “ನಂದು ಹಾಕಿದ್ರೆ ಹದಿನೈದು. ಮೂರು ಜಾಸ್ತಿ.” “ಹಂಗಾದ್ರೆ ನಿನಗಿಂತ ನಾನೇ ಹತ್ರ.” “ಹತ್ರ ಅಂದ್ರೆ ಎಷ್ಟು ಹತ್ರ?” ಲಾಯರ್ ನಡುವೆ ಬಾಯಿ ಹಾಕಿದಳು: “ತಡೀರೋ. ಹನ್ನೊಂದರಿಂದ ಹದಿನೈದಕ್ಕೆ ನಾಲ್ಕು ಹೆಜ್ಜೆ. ಬೇಕಾಗಿರೋದು ಒಂದೇ ಹೆಜ್ಜೆ. ನಾಲ್ಕರಲ್ಲಿ ಒಂದು.” ಆಮೇಲೆ ಡೆಸ್ಕು ಬಡಿದಳು. “ಒಂದೂಕಾಲು!”

ಬಾಗಿಲು ಸಾಲಿನ ಜಾಣೆ ತಾನು ಹೊಡೆದು ಹಾಕಿದ್ದನ್ನು ನೋಡಿಕೊಂಡಳು. ಐದು ಭಾಗಿಸು ನಾಲ್ಕು. “ಅದೇ ಇದು,” ಎಂದಳು ಅಳುಮುಖದಲ್ಲಿ. “ನಂದು ಮೊದಲೇ ಬಂದಿತ್ತು!”

ಅಂಕ ಯಾರಿಗೆ ಎಂದು ಇಡೀ ತರಗತಿ ಹಂಗಾಮಿಯ ಕಡೆ ತಿರುಗಿತು. ಅವನು ಎರಡು ಸಾಲಿಗೂ ಕೊಟ್ಟ. ಇಬ್ಬರೂ ಅದನ್ನು ಅನ್ಯಾಯವೆಂದರು.

ಪೀರಿಯಡ್ಡು ಮುಗಿದ ಮೇಲೆ ಹೆಡ್ ಮೇಡಂ ತಮ್ಮ ಕೋಣೆಯಲ್ಲಿ ಫೈಲು ತೆರೆದರು; ಪೆನ್ನು ತೆರೆಯಲಿಲ್ಲ. ಮಡಚಿದ ದೂರನ್ನು ಅವನ ಮುಂದೆ ತಳ್ಳಿದರು.

“ಇದನ್ನ ತಗೊಂಡು ಹೋಗಿ ಅವರಿಗೇ ಓದಿ ಹೇಳಿ ಬನ್ನಿ. ಆಮೇಲೆ ಸಹಿ ಮಾತು.”

“ಮೇಡಂ, ಹರಿದು ಹಾಕಿದ್ರೆ ಆಗಲ್ವಾ?”

“ಬರೆಯೋವಾಗ ಹರಿಯೋಕೆ ಬರ್ದಿರಾ?”

ಗೊಂಚಲಮ್ಮ ಮೆಟ್ಟಿಲ ಕೆಳಗಿನ ಸ್ಟೂಲಿನ ಮೇಲೆ ಕೂತು ಒಂಬತ್ತು ಕೈಗಳನ್ನೂ ಬಳೆಯಾಕಾರದ ಕಂಬಿಗೆ ಪೋಣಿಸುತ್ತಿದ್ದಳು. ಹಂಗಾಮಿ ನಿಂತುಕೊಂಡೇ ಐದು ಸಾಲೂ ಓದಿದ. ಐದು ಸಾಲು ಇಷ್ಟು ಉದ್ದ ಇರುತ್ತದೆಂದು ಬರೆಯುವಾಗ ಗೊತ್ತಾಗಿರಲಿಲ್ಲ.

“‘ಸಂಶಯಾಸ್ಪದ’ ಅಂದ್ರೆ ಕಳ್ಳಿ ಅಂತಾನಾ?” ಎಂದು ಕೇಳಿದಳು.

“ಅಷ್ಟು... ಅಲ್ಲ.”

“ಓದಿದೋರು ಬಯ್ಯೋದೇ ಹಿಂಗೆ. ಕೇಳಿದೋರಿಗೆ ಅರ್ಥ ಆಗೋಷ್ಟರಲ್ಲಿ ನೀವು ಮೆಟ್ಟಿಲು ಇಳಿದಿರ್ತೀರಿ.” ಇನ್ನೊಂದು ಕೈ ಪೋಣಿಸಿದಳು. “ನಾನು ನಿಮ್ಮ ಮೇಲೆ ನಿನ್ನೆನೇ ಹೇಳಿ ಬಂದಿದ್ದೆ, ಮೇಷ್ಟ್ರೇ. ಬಾಯಲ್ಲೇ. ಹೊಸ ಮೇಷ್ಟ್ರು ಬೀರುವಿಗೆ ಗೋಂದು ಮೆತ್ತುತ್ತಾರೆ, ಎದೆ ಹಿಡ್ಕೊಂಡು ಓಡಾಡ್ತಾರೆ, ಮಕ್ಕಳು ಊಟ ಮಾಡೋ ಕಡೆ ಬಗ್ಗಿ ಬಗ್ಗಿ ನೋಡ್ತಾರೆ, ಸ್ವಲ್ಪ ನೋಡ್ಕೊಳ್ಳಿ ಅಂತ. ಮೇಡಂ ಇವತ್ತು ಬಂದಿದ್ದು ನಿಮ್ಮನ್ನ ನೋಡೋಕೆ.”

ಹಂಗಾಮಿ ದೂರನ್ನು ಮಡಚಿ ಜೇಬಿಗಿಟ್ಟ.

“ತಪ್ಪಾಯ್ತು, ಅಮ್ಮಾ,” ಎಂದ ಕೊನೆಗೆ.

“ಆಯ್ತು,” ಎಂದಳು. ಪರವಾಗಿಲ್ಲ ಎನ್ನಲಿಲ್ಲ. “ಮೂವತ್ತು ವರ್ಷದಿಂದ ವರಾಂಡದಲ್ಲಿ ನಿಂತು ಕೇಳ್ತಾ ಇದೀನಿ. ಪ್ರತಿ ವರ್ಷ ಎಕ್ಸ್ ಹುಡುಕ್ತೀರಿ, ಪ್ರತಿ ವರ್ಷ ಸಿಗುತ್ತೆ, ಮತ್ತೆ ಮುಂದಿನ ವರ್ಷ ಕಳ್ಕೊಂಡು ಬರ್ತೀರಿ. ಭಿನ್ನರಾಶಿದು ಮಾತ್ರ ಹಳೇ ಮೇಷ್ಟ್ರು ಮಾಡೋವಾಗ ಕೇಳ್ತಿತ್ತು, ಈ ವರ್ಷ ಕೇಳಿಸಲೇ ಇಲ್ಲ. ಸಿಲಬಸ್ಸಲ್ಲಿ ತೆಗೆದಿದ್ದಾರೇನೋ ಅನ್ಕೊಂಡಿದ್ದೆ.”

ಹೆಡ್ ಮೇಡಂ ಸಹಿ ಹಾಕಿದರು. ಒಂದು ವರ್ಷಕ್ಕಲ್ಲ, ಮೂರು ತಿಂಗಳಿಗೆ. “ಮೂರು ತಿಂಗಳಲ್ಲಿ ಎಷ್ಟು ಸಲ ತಪ್ಪು ಮಾಡ್ತೀರೋ ಮಕ್ಕಳ ಮುಂದೆ ಮಾಡಿ,” ಎಂದರು. “ಆಮೇಲೆ ನೋಡೋಣ.” ಅಕ್ಕನಿಗೆ ಹೇಳಿದಾಗ ಅವಳು, “ಕಾಲು ವರ್ಷ,” ಎಂದು ಲೆಕ್ಕ ಹಾಕಿದಳು. ಅವಳಿಗೆ ಲೆಕ್ಕ ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ಹಂಗಾಮಿ ಹೊಸ ಚೀಟಿಗಳೊಂದಿಗೆ ಅಧ್ಯಾಪಕರ ಕೋಣೆಗೆ ಬಂದ. ಅರ್ಧಕ್ಕರ್ಧ ಭಿನ್ನರಾಶಿ, ಎರಡು ಋಣಸಂಖ್ಯೆ, ಎರಡು ಒಂಬತ್ತು. ಭಾನುವಾರವಿಡೀ ಕೂತು ಪ್ರತಿಯೊಂದನ್ನೂ ಮೂರು ಸಲ ಬಿಡಿಸಿದ್ದ. ಒಂದು ಮೂರು ಸಲವೂ ಬೇರೆ ಬೇರೆ ಬಂದಿತ್ತು, ಅದನ್ನೂ ಸೇರಿಸಿದ್ದ. ಬೀರುವಿನ ಬಾಗಿಲು ತೆರೆದಿತ್ತು. ಗೊಂಚಲಮ್ಮ ಒಳಗಿನ ಅಟ್ಟ ಒರೆಸುತ್ತಿದ್ದಳು. ಬಿಸ್ಕತ್ತಿನ ಡಬ್ಬಿ ಅವನ ಕುಂಟು ಕುರ್ಚಿಯ ಮೇಲೆ ಕೂತಿತ್ತು.

“ನಿಮ್ಮದು ನಿಮ್ಮ ಹತ್ರ ಇರ್ಲಿ, ಮೇಷ್ಟ್ರೇ,” ಎಂದಳು ಹಿಂತಿರುಗಿ ನೋಡದೆ. “ನನ್ನ ಬೀಗದೊಳಗೆ ಬೇಡ.”

ಅವನು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಆ ದಿನವೆಲ್ಲ ಐದು ತರಗತಿ ಸುತ್ತಿದ. ಕುಳಿತರೂ ತೊಡೆಯ ಮೇಲೆ, ನಿಂತರೂ ತೋಳಿನಡಿ. ಮಕ್ಕಳು ಅದರಲ್ಲಿ ಏನಿದೆ ಎಂದು ಕೇಳಿದರೆ ನಾಳಿನ ಪ್ರಶ್ನೆ ಎನ್ನುತ್ತಿದ್ದ. ಯಾರೂ ನಂಬಲಿಲ್ಲ. ವಿಜ್ಞಾನದ ಮೇಡಂ ಮಾತ್ರ ಸಂಜೆ ಹತ್ತಿರ ಬಂದು, ಆಚೀಚೆ ನೋಡಿ, ಮೆಲ್ಲಗೆ ಕೇಳಿದರು:

“ಬಿಸ್ಕತ್ತು ಒಬ್ಬರೇ ತಿಂತೀರಾ?”